ಘಾಟು ಹತ್ತದ ಹುಡುಗಿ

ಹಾವೇರಿಯಲ್ಲಿ ನಾನು ಬಾಡಿಗೆಗಿರುವ ಮನೆಯಲ್ಲಿ ಬೇಸಿಗೆಗೊಮ್ಮೆ ವರ್ಷದ ಮಸಾಲೆ ಖಾರಕ್ಕೆಂದು ಮೆಣಸಿನಕಾಯಿ ಹುರಿಯುತ್ತಾರೆ. ಆ ದಿನ ಓಣಿಯೇ ಕೆಮ್ಮುತ್ತದೆ. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಪೇಪರು ಹಿಡಿದುಕೊಂಡು ರಸ್ತೆಯ ತುದಿಗೆ ಹೋಗಿ ನಿಂತು ಓದುತ್ತಾರೆ. ಕಳೆದ ವಾರ ನೀರಿನ ಮೋಟಾರು ಹಾಕಲು ಕೆಳಗಿಳಿದಾಗ ಮನೆಯೊಡತಿ ಶಾರದಕ್ಕ ಅಡಿಗೆಮನೆಯಲ್ಲಿ ಸೆರಗನ್ನು ಮೂಗಿಗೊತ್ತಿ ಕಡಾಯಿಯ ಮುಂದೆ ನಿಂತಿದ್ದರು. ಕಣ್ಣಲ್ಲಿ ಧಾರಾಕಾರ ನೀರು. ಸ್ವಿಚ್ಚು ಅವರ ತಲೆಯ ಹಿಂದಿದೆ. ನಾನು ಹೋಗಿ, ಸ್ವಿಚ್ಚು ಒತ್ತಿ, ಮೋಟಾರು ನೀರೆಳೆಯುವ ಸದ್ದಾಗುವವರೆಗೆ ಅಲ್ಲೇ ನಿಂತೆ.

“ಅಯ್ಯ, ನಿಮಗ ಘಾಟು ಹತ್ತೂದ ಇಲ್ಲೇನ್ರಿ ಮೇಡಂ?”

“ಬ್ಯಾಡಗಿಯಾಕಿ ಅಲ್ಲೇನ್ರಿ ನಾ?” ಎಂದೆ.

ಶಾರದಕ್ಕ ಕೆಮ್ಮಿನ ನಡುವೆಯೇ ನಕ್ಕರು. ಈ ಉತ್ತರ ಎಲ್ಲ ಕಡೆ ನಡೆಯುತ್ತದೆ. ಧಾರವಾಡದ ಹಾಸ್ಟೆಲಿನಲ್ಲಿ ನಡೆಯಿತು, ಈಗ ಪಾಠ ಹೇಳುವ ಕಾಲೇಜಿನ ಸ್ಟಾಫ್ ರೂಮಿನಲ್ಲೂ ನಡೆಯುತ್ತದೆ. ಹೆಚ್ಚು ಮಾತು ಬೇಡವೆನ್ನುವವರಿಗೆ ಇಂಥ ಒಂದೆರಡು ಸಿದ್ಧ ಉತ್ತರಗಳು ಬೇಕಾಗುತ್ತವೆ. ಆದರೆ ಅದು ಸುಳ್ಳು. ಬ್ಯಾಡಗಿಯವರೂ ಎಲ್ಲರಂತೆ ಕೆಮ್ಮುತ್ತಾರೆ. ನಮ್ಮೂರ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದನ್ನು ಹೊರಗಿನವರಿಗೆ ಒಪ್ಪಿಸುವುದೇ ಕಷ್ಟ. ನನಗೆ ಘಾಟು ಹತ್ತದಿರುವ ಕಾರಣ ಬೇರೆ. ಘಾಟು ಎದುರಾದೊಡನೆ ನನ್ನ ಉಸಿರು ತಾನಾಗಿ ನಿಂತುಬಿಡುತ್ತದೆ. ಯಾರಾದರೂ ನನ್ನನ್ನೇ ನೋಡುತ್ತ ನಿಂತರೂ ನಿಲ್ಲುತ್ತದೆ. ಇದನ್ನು ಶಾರದಕ್ಕನಿಗೆ ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು. ನೀವು ನನ್ನ ಮುಖ ನೋಡುತ್ತಿಲ್ಲ.

ಒಂದು ಕಾಲಕ್ಕೆ ನಾನು ಸ್ಕೇಟಿಂಗ್ ಮಾಡುತ್ತಿದ್ದೆ. ಓಟದ ಸ್ಕೇಟಿಂಗ್ ಅಲ್ಲ. ನಾಲ್ಕು ಗಾಲಿಯ ಬೂಟು ಕಟ್ಟಿಕೊಂಡು ಹಾಡಿಗೆ ತಕ್ಕಂತೆ ಜಾರುವುದು, ಹಾರುವುದು, ಒಂದೇ ಕಾಲ ಮೇಲೆ ಗಿರಗಿರ ಸುತ್ತುವುದು. ಟಿ.ವಿ.ಯಲ್ಲಿ ಹಿಮದ ಮೇಲೆ ಮಾಡುತ್ತಾರಲ್ಲ, ಅದನ್ನೇ ನಾವು ಸಿಮೆಂಟಿನ ಮೇಲೆ ಮಾಡುತ್ತಿದ್ದೆವು. ಅದನ್ನು ಮೊದಲು ನೋಡಿದ್ದು ರಾಣೆಬೆನ್ನೂರಿನ ಸೋದರಮಾವನ ಮನೆಗೆ ರಜೆಗೆ ಹೋದಾಗ, ಅಲ್ಲಿನ ಶಾಲೆಯೊಂದರ ಅಂಗಳದಲ್ಲಿ. ಕಲಿಸುತ್ತಿದ್ದವರು ಮಕಾನದಾರ್ ಸರ್. ನಾನು ಎರಡು ದಿನ ಕಂಪೌಂಡಿಗೆ ಆತು ನಿಂತು ನೋಡಿದೆ. ಮೂರನೆಯ ದಿನ ಅವರು, “ಬರೇ ನೋಡಿದ್ರ ಕಾಲು ಬರೂದಿಲ್ಲ ಬೇಟಾ, ಒಳಗ ಬಾ,” ಎಂದರು.

ಬ್ಯಾಡಗಿಯಲ್ಲಿ ಅಂಥ ಅಂಗಳವಿರಲಿಲ್ಲ. ನುಣ್ಣನೆಯ ನೆಲವೆಂದು ಇದ್ದದ್ದು ಮೆಣಸಿನಕಾಯಿ ಮಾರುಕಟ್ಟೆಯ ದೊಡ್ಡ ಶೆಡ್ಡು. ದೊಡ್ಡಪ್ಪನ ದಲಾಲಿ ಅಂಗಡಿ ಅದರ ಎದುರಿಗೇ. ನಮ್ಮದು ಕೂಡಿದ ಮನೆ, ಮಾತು ದೊಡ್ಡಪ್ಪನದು. ಅಪ್ಪ ಅಣ್ಣನ ಎದುರು ಗಂಟಲು ಸರಿಮಾಡಿಕೊಳ್ಳುತ್ತಲೂ ಇರಲಿಲ್ಲ. ಬೂಟು ಕೊಡಿಸಿದವರು ದೊಡ್ಡಪ್ಪ, ಪೇಟೆ ಇಲ್ಲದ ದಿನ ಶೆಡ್ಡು ಬಳಸಲು ಹತ್ತು ಜನರಿಗೆ ಹೇಳಿ ಒಪ್ಪಿಸಿದವರೂ ಅವರೇ. ಅದನ್ನು ನಾನು ಮರೆತಿಲ್ಲ. ಮರೆಯಲು ಬಿಟ್ಟವರೂ ಇಲ್ಲ.

ಸರ್ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು ನೆಲದ ಮೇಲೆ ಸುಣ್ಣದಿಂದ ದೊಡ್ಡ ವೃತ್ತಗಳನ್ನು ಬರೆದುಕೊಡುತ್ತಿದ್ದರು. ಗೆರೆ ಬಿಡದೆ ಅದರ ಮೇಲೆ ಒಂದೇ ಕಾಲಲ್ಲಿ ಜಾರಬೇಕು. ಮರುದಿನ ಪೇಟೆ; ವೃತ್ತಗಳ ಮೇಲೆ ಕೆಂಪು ರಾಶಿ ಬೀಳುತ್ತಿತ್ತು. ಸಂಜೆ ಹಮಾಲರು ಗುಡಿಸಿ ಹೋದರೂ ನೆಲದ ಬಿರುಕುಗಳಲ್ಲಿ ಪುಡಿ ಉಳಿಯುತ್ತಿತ್ತು. ಮೆಲ್ಲಗೆ ಜಾರಿದರೆ ಅದು ಸುಮ್ಮನಿರುತ್ತದೆ. ಸುತ್ತತೊಡಗಿದರೆ ಏಳುತ್ತದೆ. ಮೊದಲ ಸಲ ಸುತ್ತಿದಾಗ ಉಸಿರೆಳೆದುಕೊಂಡು, ಕೆಮ್ಮಿ, ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ. ಎರಡನೆಯ ಸಲ ಜಾಣೆಯಾದೆ: ಸುತ್ತುವ ಮೊದಲೇ ಬಾಯಿ ಬಿಗಿಹಿಡಿದೆ. ಸುತ್ತಿ ಮುಗಿದ ಮೇಲೆ ಶೆಡ್ಡಿನ ಬಾಗಿಲಿಗೆ ಜಾರಿಹೋಗಿ ಹೊರಗಿನ ಗಾಳಿ ಕುಡಿದು ಬರುತ್ತಿದ್ದೆ. ಆಮೇಲೆ ಇನ್ನರ್ಧ ಹಾಡು. ಪೂರ್ತಿ ಹಾಡನ್ನು ಒಂದೇ ಓಟಕ್ಕೆ ಅಲ್ಲಿ ನಾನು ಎಂದೂ ಮಾಡಲಿಲ್ಲ. ಸರ್ ಬಂದ ದಿನ ಪಾಠವೆಲ್ಲ ವೃತ್ತಗಳದ್ದೇ ಆಗಿರುತ್ತಿತ್ತು. ಉಸಿರಿನ ವಿಷಯ ನನಗೂ ಹೇಳುವಂಥದ್ದೆಂದು ಅನಿಸಿರಲಿಲ್ಲ. ಉಸಿರಾಟವನ್ನು ಯಾರಾದರೂ ಯಾರಿಗಾದರೂ ವರದಿ ಮಾಡುತ್ತಾರೆಯೆ?

ಬಿಗಿಹಿಡಿದ ನನ್ನ ಮುಖ ಊರಿಗೆ ಬಹಳ ಹಿಡಿಸಿತು. “ಮಾರಿ ನೋಡ್ರಿ, ಎಷ್ಟು ಧ್ಯಾನ ಇಟ್ಟಾಳ!” ಎಂದು ಹಮಾಲರು ಬೀಡಿ ಹಿಡಿದು ನಿಂತು ನೋಡುತ್ತಿದ್ದರು. ಸರ್ ಮಾತ್ರ, “ನಗು ಬೇಟಾ, ಜಡ್ಜ್ ಮಂದಿ ಮಾರೀನೂ ನೋಡತಾರ,” ಎನ್ನುತ್ತಿದ್ದರು. ನಗಲು ಬಾಯಿ ತೆರೆಯಬೇಕಲ್ಲ!

ಜಿಲ್ಲೆಗೆ ಮೂರು ವರ್ಷ ನಾನೇ ಮೊದಲು. ಜಿಲ್ಲೆಯಲ್ಲಿ ಈ ಆಟ ಆಡುವವರೇ ನಾಲ್ಕು ಜನ ಎಂಬುದನ್ನು ಊರಿನ ಸತ್ಕಾರ ಸಭೆಗಳಲ್ಲಿ ಯಾರೂ ಹೇಳುತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹೊರಗಿನ ಖರೀದಿದಾರರು ಬಂದರೆ ದೊಡ್ಡಪ್ಪ ಚಹಾಕ್ಕೆ ಮೊದಲು ನನ್ನನ್ನು ಕರೆಸಿ ಎರಡು ಸುತ್ತು ಸುತ್ತಿಸುತ್ತಿದ್ದರು. ಚೀಲದ ಬಾಯಿಗೆ ಒಳ್ಳೆಯ ಕಾಯಿ ಇಡುವುದು ನಮ್ಮೂರ ರೂಢಿ. ನಮ್ಮ ಮನೆಯೆಂಬ ಚೀಲದ ಬಾಯಿಗೆ ನಾನಿದ್ದೆ. ಕಿರಾಣಿ ಅಂಗಡಿಗೆ ಹೋದರೆ, “ಫಸ್ಟ್ ಬರಾಕಿ ಬಂದ್ಲು, ಲಗೂ ಕೊಟ್ಟು ಕಳಸ್ರಿ,” ಎನ್ನುತ್ತಿದ್ದರು. ಅದು ಹಾರೈಕೆಯಾಗಿರಲಿಲ್ಲ, ನನ್ನ ಹೆಸರೇ ಆಗಿತ್ತು.

ಹತ್ತನೆಯ ತರಗತಿಯ ವರ್ಷ ದೊಡ್ಡಪ್ಪ ಊಟಕ್ಕೆ ಕುಳಿತಾಗ ತೀರ್ಪು ಕೊಟ್ಟರು: “ರಾಜ್ಯಕ್ಕ ಫಸ್ಟ್ ಬಂದ್ಯೋ, ಬೆಂಗಳೂರಾಗ ಇಟ್ಟು ಕಲಸತೇನಿ. ಇಲ್ಲಾ, ಬೂಟು ಬಿಚ್ಚಿ ಪುಸ್ತಕ ಹಿಡಿ. ಹೆಣ್ಣ ಹುಡುಗಿ ಇನ್ನೆಷ್ಟು ದಿನ ಗಿರಕಿ ಹೊಡೀತಿ?” ನನಗೆ ಫಸ್ಟ್ ಬರುವ ಆಸೆ ಅಷ್ಟೇನೂ ಇರಲಿಲ್ಲ. ಬೂಟು ಬಿಚ್ಚದೆ ಇರುವ ಆಸೆಯಿತ್ತು. ಎರಡೂ ಒಂದೇ ಎಂದು ಅಂದು ಗೊತ್ತಾಯಿತು.

ರಾಜ್ಯಮಟ್ಟದ ಸ್ಪರ್ಧೆಗೆ ಊರಿನಿಂದ ಒಂದು ಟೆಂಪೋ ತುಂಬ ಜನ ಬಂದರು. ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆ ಹೊದ್ದ ಸೇವಂತಿಗೆ ಹಾರವೂ ಬಂತು. ಸಭಾಂಗಣದಲ್ಲಿ ಬೇರೆ ಊರುಗಳ ತಾಯಂದಿರು, “ಬ್ಯಾಡಗಿ ಹುಡುಗಿ ಅವಳೇ,” ಎಂದು ಬೆರಳು ತೋರಿಸುತ್ತಿದ್ದರು. ಮರದ ನೆಲ, ಕನ್ನಡಿಯಂತೆ. ಧೂಳಿನ ಒಂದು ಕಣವಿಲ್ಲ. ಆ ವರ್ಷ ನಾನು ದೊಡ್ಡವರ ಗುಂಪಿಗೆ ಸೇರಿದ್ದರಿಂದ ಹಾಡು ಉದ್ದವಾಗಿತ್ತು, ಸುತ್ತುಗಳು ಹೆಚ್ಚಾಗಿದ್ದವು.

ಮೊದಲರ್ಧ ಚೆನ್ನಾಗಿ ಹೋಯಿತೆಂದು ಸರ್ ಆಮೇಲೆ ಹೇಳಿದರು. ನನಗೆ ನೆನಪಿರುವುದು ಕೊನೆಯ ಸುತ್ತು ಮಾತ್ರ. ಎದೆಯೊಳಗೆ ಯಾರೋ ಚೀಲದ ಬಾಯಿ ಹೊಲಿಯುತ್ತಿರುವಂತೆ ಇತ್ತು. ಕಣ್ಣೆದುರು ದೀಪಗಳು ಒಂದೊಂದಾಗಿ ಆರಿದಂತಾಯಿತು. ಬೀಳುತ್ತ ಕೈ ನೆಲಕ್ಕೆ ಊರಿದೆ. ಎದ್ದು, ಕೈಚಾಚಿ, ಹಾಡಿನೊಂದಿಗೆ ಮುಗಿಸಿದೆ. ಎರಡನೆಯ ಸ್ಥಾನ ಬಂತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೆಂಪೋದಲ್ಲಿ ಕ್ರಿಕೆಟ್ಟಿನ ಮಾತು, ರೇಟಿನ ಮಾತು ನಡೆಯಿತು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಡ್ರೈವರ್, “ಹಾರ ಸುಮ್ನ ಬಾಡತೈತ್ರಿ ಸಾವಕಾರ, ನನ್ನ ಗಾಡಿಗೆ ಹಾಕ್ಲೇನು?” ಎಂದು ಕೇಳಿದ. ದೊಡ್ಡಪ್ಪ ಹೂಂ ಎಂದರು. ಹಾರ ಟೆಂಪೋದ ಮೂತಿಗೆ ಬಿತ್ತು. ಹೀಗೆ ಬ್ಯಾಡಗಿಗೆ ಗೆದ್ದು ಬಂದದ್ದು ಟೆಂಪೋ.

ಮರುದಿನ ಸಂಜೆ ಅಜ್ಜಿ, “ಇಡೀ ಊರು ಕಣ್ಣ ಹಾಕೇತಿ ಕೂಸಿಗೆ,” ಎನ್ನುತ್ತ ಮುಷ್ಟಿ ತುಂಬ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೆ ದೃಷ್ಟಿ ತೆಗೆದಳು. ನಿವಾಳಿಸಿದ್ದನ್ನು ಬೆಂಕಿಗೆ ಹಾಕುತ್ತಾರೆ. ದೃಷ್ಟಿ ತಾಗಿದ್ದರೆ ಕಾಯಿ ಸುಟ್ಟರೂ ಘಾಟು ಬರುವುದಿಲ್ಲವಂತೆ. ಘಾಟು ಬಂದರೆ ಯಾರ ಕಣ್ಣೂ ತಾಗಿಲ್ಲವೆಂದು ಲೆಕ್ಕ. ಹಿತ್ತಲ ಒಲೆಗೆ ಅಜ್ಜಿ ಮುಷ್ಟಿ ಬಿಚ್ಚಿದಳು. ನಾವೆಲ್ಲ ಸುತ್ತ ನಿಂತು ಕಾದೆವು. ನನ್ನ ಬದುಕಿನಲ್ಲಿ ಅಷ್ಟು ಗಂಭೀರವಾಗಿ ಬೇರಾವ ಫಲಿತಾಂಶಕ್ಕೂ ಕಾದಿಲ್ಲ, ಪಿಎಚ್.ಡಿ. ಪ್ರವೇಶಕ್ಕೂ ಸಹ.

ಘಾಟು ಬಂತು. ಎಂಥ ಘಾಟು! ಅಪ್ಪ ಕೆಮ್ಮಿದರು, ಅವ್ವ ಕೆಮ್ಮಿದಳು, ದೊಡ್ಡಪ್ಪ ಕಂಬ ಹಿಡಿದು ಬಾಗಿ ಕೆಮ್ಮಿದರು. ಅಜ್ಜಿ ಕಣ್ಣೊರೆಸಿಕೊಂಡು, “ಇಲ್ಲಪಾ, ಯಾರ ಕಣ್ಣೂ ತಾಗಿಲ್ಲ ಇಕಿಗೆ,” ಎಂದಳು.

“ಅಂದ್ರ ತಪ್ಪು ಇಕೀದ ಆತಲ್ಲ,” ಎಂದರು ದೊಡ್ಡಪ್ಪ. ಸಿಟ್ಟಿನಿಂದಲ್ಲ, ತೂಕ ಹೇಳುವವರಂತೆ.

ಊರು ಖುಲಾಸೆಯಾಯಿತು. ನಾನು ಅಲ್ಲೇ ನಿಂತಿದ್ದೆ. ಎಲ್ಲರೂ ಕೆಮ್ಮುತ್ತಿದ್ದಾರೆ, ನಾನೊಬ್ಬಳೇ ಕೆಮ್ಮುತ್ತಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿತ್ತು, ಎದೆ ಅಲುಗುತ್ತಿರಲಿಲ್ಲ. ಆ ಮರದ ನೆಲದ ಮೇಲೆ ಏನಾಯಿತೆಂಬುದು ಒಲೆಯ ಮುಂದೆ ಒಮ್ಮೆಗೇ ತಿಳಿಯಿತು.

“ದೊಡ್ಡಪ್ಪ, ನಾ ಸುತ್ತುವಾಗ ಉಸರು ಹಿಡೀತಿದ್ದೆ. ಶೆಡ್ಡಿನಾಗ ಪುಡಿ ಏಳತಿತ್ತಲ್ಲ, ಅದ ರೂಢಿ ಆಗಿ...”

“ಉಸರು ಹಿಡಿ ಅಂತ ನಿನಗ ಯಾರ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಅದು ಖರೇ.

ಎರಡು ದಿನ ಬಿಟ್ಟು ಮಕಾನದಾರ್ ಸರ್ ಬಂದರು. ನಾನು ಒಳಬಾಗಿಲ ಹಿಂದೆ ನಿಂತಿದ್ದೆ. “ರಾಜ್ಯಕ್ಕ ಎರಡನೇದು ಅಂದ್ರ ಸಣ್ಣದಲ್ರಿ ಸಾವಕಾರ. ಇನ್ನೊಂದು ವರ್ಷ ಬಿಡ್ರಿ,” ಎಂದರು.

“ಚಹಾ ತಗೋರಿ ಸರ,” ಎಂದರು ದೊಡ್ಡಪ್ಪ. “ನಮ್ಮ ಟೆಂಡರಿನಾಗ ಎಲ್ಲಾರೂ ರೇಟು ಬರೀತಾರ. ಮಾಲು ಮ್ಯಾಲಿನ ರೇಟಿನವಂದು. ಒಂದ ರೂಪಾಯಿ ಕಡಿಮಿ ಬರದಾಂವಗ ಏನ ಸಿಗತೈತಿ ಹೇಳ್ರಿ? ಚಹಾ ಕುಡದು ಮನಿಗೆ ಹೋಗೂದು.”

ಸರ್ ಕೈಯಲ್ಲಿದ್ದ ಕಪ್ಪನ್ನು ನೋಡಿದರು. ಅರ್ಧ ಕುಡಿದಿದ್ದರು. ಉಳಿದದ್ದನ್ನು ಹಾಗೆಯೇ ಇಟ್ಟು ಎದ್ದರು. ಸ್ಕೂಟರು ಮೂರು ಒದೆತಕ್ಕೂ ಚಾಲೂ ಆಗಲಿಲ್ಲ, ತಳ್ಳಿಕೊಂಡು ಹೋದರು.

ಬೂಟು ಕೆಲವು ತಿಂಗಳು ಅಟ್ಟದ ಮೇಲಿದ್ದವು. ನಾನು ಪಿಯುಸಿಗೆ ಹಾವೇರಿಗೆ ಹೋದಾಗ ದೊಡ್ಡಪ್ಪ ಬಡಿಗನನ್ನು ಕರೆಸಿ, ಗಾಲಿ ಬಿಚ್ಚಿಸಿ, ಒಂದು ಹಲಗೆಗೆ ಜಡಿಸಿ, ಅದರ ಮೇಲೆ ಗ್ಯಾಸ್ ಸಿಲಿಂಡರ್ ಇರಿಸಿದರು. ಈಗಲೂ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ನೆಲ ಒರೆಸಲು ಅದನ್ನು ಎಳೆಯುತ್ತಾಳೆ. ಗಾಲಿಗಳು ಒಳ್ಳೆಯವು, ಸದ್ದೇ ಇಲ್ಲ. “ಎಷ್ಟು ಹಗರ ಬರತೈತಿ ನೋಡ,” ಎನ್ನುತ್ತಾಳೆ ಅವ್ವ, ನನ್ನನ್ನು ಮೆಚ್ಚಿಸಲೆಂದು. ನಾನು ಹೌದೆನ್ನುತ್ತೇನೆ.

ಇಷ್ಟೆಲ್ಲ ನೆನಪಾದದ್ದು ಮೋಟಾರಿನ ಸ್ವಿಚ್ಚಿನ ಪಕ್ಕ ನಿಂತಿದ್ದಾಗ. ಮೇಲಿನ ನೀರಿನ ಟಾಕಿ ತುಂಬುವ ಮೊದಲೇ ಶಾರದಕ್ಕ ಸವಟನ್ನು ನನ್ನ ಕೈಗೆ ತುರುಕಿದರು. “ನಿಮಗ ಹೆಂಗೂ ಏನೂ ಆಗೂದಿಲ್ಲ. ಒಂದೀಟು ಕೈ ಆಡಸ್ರಿ, ನಾ ಹೊರಗ ಹೋಗಿ ಕೆಮ್ಮಿ ಬರತೇನಿ.”

ಅಡಿಗೆಮನೆಯಲ್ಲಿ ನಾನೊಬ್ಬಳೇ ಆದೆ. ಕಾಯಿಗಳು ಕಡಾಯಿಯಲ್ಲಿ ಉಬ್ಬಿ ಕಪ್ಪಾಗುತ್ತಿದ್ದವು. ನೋಡಲು ಯಾರೂ ಇರಲಿಲ್ಲ. ಆದರೂ ನನ್ನ ಬಾಯಿ ಬಿಗಿದಿತ್ತು. ಇದಕ್ಕೆ ನನಗೆ ಮೊದಲ ಬಾರಿಗೆ ಸಿಟ್ಟು ಬಂತು. ದೊಡ್ಡಪ್ಪನ ಮೇಲಲ್ಲ, ಊರಿನ ಮೇಲೂ ಅಲ್ಲ, ಯಾರೂ ಕೇಳದೆಯೂ ಇನ್ನೂ ಧ್ಯಾನಸ್ಥವಾಗಿದ್ದ ಈ ಮುಖದ ಮೇಲೆ. ಬಾಯಿ ತೆರೆದೆ. ಉಸಿರೆಳೆದೆ.

ಶಾರದಕ್ಕ ಓಡಿ ಬಂದಾಗ ನಾನು ಒಲೆಯ ಕಟ್ಟೆ ಹಿಡಿದು ಬಾಗಿದ್ದೆ. ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು. ಅವರು ಗ್ಯಾಸ್ ಆರಿಸಿ, ನನ್ನ ಬೆನ್ನು ನೀವಿ, ಲೋಟ ಹಿಡಿದರು.

“ಅಯ್ಯ ನನ ಶಿವನ, ಘಾಟು ಹತ್ತತೈತೇನ್ರಿ ನಿಮಗ? ಮತ್ತ ಇಷ್ಟ ದಿನ ಯಾಕ ಸುಮ್ಮನಿದ್ರಿ?”

ಹೇಳಬೇಕೆಂದಿದ್ದೆ. ಕೆಮ್ಮು ಬಿಡಲಿಲ್ಲ. ಶಾರದಕ್ಕ ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದರು. ಮೇಲೆ ಟಾಕಿ ತುಂಬಿ ನೀರು ಗೋಡೆಗುಂಟ ಇಳಿಯತೊಡಗಿತ್ತು. ನಾನು ಕೆಮ್ಮುತ್ತಲೇ ಇದ್ದೆ.