ಹೋಬಾಕನಿಗೆ ಸಿಕ್ಕ ಕೆಲಸ

ಮಾಕ್ಸುನ್ ತನ್ನ ಅರವತ್ತಮೂರು ವರ್ಷದ ಬಾಳಿನಲ್ಲಿ ಒಂದು ನಾಯಿಯನ್ನೂ ಹೊಸ್ತಿಲು ದಾಟಲು ಬಿಟ್ಟವಳಲ್ಲ. ನಾಯಿಗೆ ಅಂಗಳ, ಬೆಕ್ಕಿಗೆ ಮಾಡು, ಮನುಷ್ಯರಿಗೆ ಬೆಚ್ಚಗಿನ ನೆಲ ಎಂಬುದು ಅವಳ ಕಟ್ಟುನಿಟ್ಟು. ಟೋಂಗ್ಯೊಂಗ್ ಬಂದರಿನ ಶೆಡ್ಡಿನಲ್ಲಿ ಮೂವತ್ತೊಂದು ಚಳಿಗಾಲ ನಿಂತುಕೊಂಡೇ ಕತ್ತಿಯಿಂದ ಸಿಂಪಿಯ ಮಾಂಸ ಬಿಡಿಸಿದವಳು ಅವಳು. ಚಿಪ್ಪುಗಳನ್ನು ರಾಶಿ ಸುರಿಯುವ ಸದ್ದಿಗೆ ಎಡಗಿವಿ ಮಂದವಾಗಿತ್ತು. ಬಲಗೈ ಹೆಬ್ಬೆರಳು ಕತ್ತಿಯ ಹಿಡಿಗೆ ಒಗ್ಗಿ ಒಂದು ಕಡೆಗೆ ಬಾಗಿಯೇ ಹೋಗಿತ್ತು. ಗಂಡ ಬೇಗ ತೀರಿಕೊಂಡಿದ್ದರಿಂದ ಒಬ್ಬಳೇ ಮಗಳು ಸೊರಿಮ್‌ಳನ್ನು ಓದಿಸಿದ್ದೂ ಮದುವೆ ಮಾಡಿದ್ದೂ ಆ ಕತ್ತಿಯ ಬಲದಿಂದಲೇ.

ಜೂನ್ ಕೊನೆಗೆ ಸಿಂಪಿ ಕೆಲಸ ನಿಂತು, ಅಕ್ಟೋಬರಿನವರೆಗೆ ಶೆಡ್ಡಿಗೆ ಬೀಗ ಬೀಳುತ್ತದೆ. ಸರಿಯಾಗಿ ಅದೇ ವಾರ ಸೊರಿಮ್ ಹೆಣ್ಣುಮಗು ಹೆತ್ತಳು. ಮೊಮ್ಮಗಳಿಗೆ ಅಜ್ಜಿಯ ರಜೆ ಹೊಟ್ಟೆಯೊಳಗಿದ್ದಾಗಲೇ ಗೊತ್ತಿತ್ತು ಎಂದು ಶೆಡ್ಡಿನ ಹೆಂಗಸರಿಗೆಲ್ಲ ಹೇಳಿಕೊಂಡು, ಒಣಗಿಸಿದ ಕಡಲಪಾಚಿಯ ಎರಡು ದೊಡ್ಡ ಕಟ್ಟು ಹೊತ್ತು, ಮಾಕ್ಸುನ್ ಸೇತುವೆ ದಾಟಿ ಮಗಳ ಮನೆಗೆ ಬಂದಳು. ಬಾಣಂತಿಗೆ ಮೂರು ಹೊತ್ತೂ ಪಾಚಿಯ ಸಾರು ಕುಡಿಸಬೇಕಲ್ಲ.

ಗುಡ್ಡದ ಓಣಿಯಲ್ಲಿ ಮೂರನೇ ಮಹಡಿಯ ಆ ಮನೆಯಲ್ಲಿ ಒಂದು ನಾಯಿ ಇತ್ತು. ಹೆಸರು ಹೋಬಾಕ್, ಹಾಗೆಂದರೆ ಕುಂಬಳಕಾಯಿ. ಬಣ್ಣವೂ ಹಾಗೆಯೇ, ಹೊಟ್ಟೆಯೂ ಹಾಗೆಯೇ. ಏಳು ವರ್ಷದ ಹಿಂದೆ ಮೀನು ಮಾರುಕಟ್ಟೆಯ ಖಾಲಿ ಪೆಟ್ಟಿಗೆಗಳ ಹಿಂದೆ ಮರಿಯಾಗಿ ಸಿಕ್ಕಿದ್ದನ್ನು ಸೊರಿಮ್ ಎತ್ತಿಕೊಂಡು ಬಂದಿದ್ದಳು. ಅಂದಿನಿಂದ ಅದು ಮಲಗುತ್ತಿದ್ದದ್ದು ಅವಳ ಕಾಲ ಬುಡದಲ್ಲಿ. ದ್ವೀಪಗಳಿಗೆ ಹೋಗುವ ಹಡಗಿನಲ್ಲಿ ಕೆಲಸ ಮಾಡುವ ಅಳಿಯ ಮಿನ್‌ಗು ಸಾಧು ಮನುಷ್ಯ. ತಾನು ಈ ಮನೆಗೆ ಎರಡನೆಯವನಾಗಿ ಬಂದವನು, ಮೊದಲನೆಯವನ ಒಪ್ಪಿಗೆ ಸಿಕ್ಕಿದ ಮೇಲೆಯೇ ಮದುವೆ ನಡೆದದ್ದು ಎಂದು ಎಲ್ಲರನ್ನೂ ನಗಿಸುತ್ತಿದ್ದ.

ಹೆರಿಗೆಯಾಗಿ ಎರಡು ವಾರ ಬಾಣಂತಿಯರ ಆರೈಕೆ ಕೇಂದ್ರದಲ್ಲಿದ್ದು ಸೊರಿಮ್ ಮಗು ಇಸುಲ್‌ಳನ್ನು ಎತ್ತಿಕೊಂಡು ಮನೆಗೆ ಬಂದಳು. ಹದಿನಾಲ್ಕು ದಿನ ಕಾದಿದ್ದ ಹೋಬಾಕ್ ಮೆಟ್ಟಿಲ ಸದ್ದಿಗೇ ಹುಚ್ಚೆದ್ದು, ಬಾಗಿಲು ತೆರೆದದ್ದೇ ತಡ, ಅವಳ ಎದೆಗೆ ಹಾರಿತು. ಮೂವರೂ ಒಟ್ಟಿಗೆ ಕೂಗಿದರು. ಮಿನ್‌ಗು ಅದರ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದ. ಮಾಕ್ಸುನ್ ಸೌಟು ಎತ್ತಿದಳು. ಕೋಣೆಯ ಬಾಗಿಲು ಮುಚ್ಚಿತು. ಏಳು ವರ್ಷದಲ್ಲಿ ಒಂದು ಗದರಿಕೆಯನ್ನೂ ಕೇಳದ ನಾಯಿ ಮುಚ್ಚಿದ ಬಾಗಿಲನ್ನು ನೋಡುತ್ತ ಸಾಯಂಕಾಲದವರೆಗೂ ನಿಂತಿತ್ತು.

ಆಮೇಲೆ ಅದಕ್ಕೆ ಎಲ್ಲದಕ್ಕೂ ಬೇಡ ಎಂಬುದೊಂದೇ ಮಾತಾಯಿತು. ಕೋಣೆಗೆ ಬರಬೇಡ, ಹಾಸಿಗೆ ಮೂಸಬೇಡ, ಬೊಗಳಬೇಡ, ದಾರಿಗೆ ಅಡ್ಡ ಮಲಗಬೇಡ. ಹೋಬಾಕ್ ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ಶೂಗಳ ನಡುವೆ ಬಾಗಿಲಿಗೆ ಮುಖ ಮಾಡಿ ಮಲಗಿತು. ಹಾಕಿದ ಊಟ ಹಾಗೇ ಉಳಿಯಿತು. ಮುಂಗಾಲನ್ನು ನೆಕ್ಕಿ ನೆಕ್ಕಿ ಅಲ್ಲಿನ ಕೂದಲು ಉದುರಿತು. ಮಗು ಅತ್ತರಂತೂ ಶೂ ಹಲಗೆಯ ಕೆಳಗೆ ತಲೆ ತೂರಿಸಿ ನಡುಗುತ್ತಿತ್ತು. ಪಶುವೈದ್ಯರು ನೋಡಿ, ಮೈಗೆ ಏನೂ ಆಗಿಲ್ಲ ಎಂದು ಕಳಿಸಿದರು.

ಇದನ್ನು ಬೇರೆ ಕಡೆ ಸಾಗಹಾಕುವುದೇ ಸರಿ ಎಂದು ಮೊದಲು ಹೇಳಿದವಳು ಮಾಕ್ಸುನ್. ಮಿನ್‌ಗುವಿನ ಚಿಕ್ಕಪ್ಪ ಬೊಂಗ್ಸು ಯೊಕ್ಜಿ ದ್ವೀಪದಲ್ಲಿ ಗೆಣಸು ಬೆಳೆಯುವವನು; ಆಗಸ್ಟ್ ಕೊನೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಫೋನಿನಲ್ಲಿ ಒಪ್ಪಿಕೊಂಡ. ಸೊರಿಮ್ ಗೋಡೆಗೆ ತಿರುಗಿ ಮಗುವಿಗೆ ಹಾಲು ಕೊಡುತ್ತ ಕುಳಿತಳು. ಅವಳ ಹೆಗಲು ಅಲ್ಲಾಡುತ್ತಿದ್ದದ್ದು ತಾಯಿಗೆ ಕಂಡಿತು.

ಮಾರನೆಯ ವಾರ ಮಗುವಿನ ಒಂದು ಕಾಲುಚೀಲ ಕಾಣೆಯಾಯಿತು. ಮನೆಯೆಲ್ಲ ಹುಡುಕಿ, ಕೊನೆಗೆ ಶೂಗಳ ನಡುವೆ ಮಲಗಿದ್ದ ಹೋಬಾಕನ ಹತ್ತಿರ ಅದನ್ನು ಕಂಡಾಗ ಮಾಕ್ಸುನ್‌ಗೆ ಮೈಯೆಲ್ಲ ಉರಿಯಿತು. ಇವತ್ತು ಕಾಲುಚೀಲ, ನಾಳೆ ಕಾಲು ಎಂದುಕೊಂಡೇ ಬಗ್ಗಿದಳು. ಆದರೆ ಹೆಬ್ಬೆರಳಷ್ಟು ಉದ್ದದ ಆ ಚೀಲದ ಮೇಲೆ ಹಲ್ಲಿನ ಒಂದು ಗುರುತೂ ಇರಲಿಲ್ಲ. ಎಂಜಲು ಕೂಡ ತಾಗಿರಲಿಲ್ಲ. ನಾಯಿ ಅದನ್ನು ಎರಡು ಮುಂಗಾಲುಗಳ ನಡುವೆ ಇಟ್ಟುಕೊಂಡು, ಮೂಗನ್ನು ಅದಕ್ಕೆ ಆನಿಸಿ ಮಲಗಿತ್ತು ಅಷ್ಟೇ. ಅವಳನ್ನು ಕಂಡು ಕಣ್ಣು ಮುಚ್ಚಿ, ಕಿವಿ ಮಡಚಿ, ಬೈಗುಳಕ್ಕಾಗಿ ಕಾಯಿತು.

ಮಾಕ್ಸುನ್ ಅಲ್ಲೇ ಶೂಗಳ ಪಕ್ಕ ಕುಳಿತುಬಿಟ್ಟಳು. ಐದನೇ ವಯಸ್ಸಿನ ಒಂದು ಬೆಳಿಗ್ಗೆ ಅವಳ ಕಣ್ಣ ಮುಂದೆ ಬಂದು ನಿಂತಿತ್ತು. ಅವಳು ನಾಲ್ಕನೆಯ ಹೆಣ್ಣು. ಸಾಕಪ್ಪಾ ಹೆಣ್ಣು ಎಂದು ಕೊನೆಯವಳು ಎಂಬರ್ಥದ ಹೆಸರನ್ನೇ ಅವಳಿಗೆ ಇಟ್ಟಿದ್ದರು. ಐದು ವರ್ಷಕ್ಕೆ ತಮ್ಮ ಹುಟ್ಟಿದ. ಗಂಡುಮಗು ಹುಟ್ಟಿದ ಗುರುತಿಗೆ ಬಾಗಿಲಿಗೆ ಕೆಂಪು ಮೆಣಸಿನಕಾಯಿ ಸಿಕ್ಕಿಸಿದ ಹುಲ್ಲಿನ ಹಗ್ಗ ಕಟ್ಟಿದರು, ಅಮ್ಮನ ಕೋಣೆಗೆ ಹೋಗಕೂಡದು ಎಂದರು. ಅವಳು ಹೊರಗೆ ಜಗಲಿಯಲ್ಲಿ ಕುಳಿತು ಎರಡು ದಿನ ಗಂಜಿ ಮುಟ್ಟಲಿಲ್ಲ. ಮೂರನೇ ದಿನ ಅಜ್ಜಿ ಬಂದು ಅವಳನ್ನು ಹಗ್ಗದ ಕೆಳಗೆ ಕೂರಿಸಿ, ನೀನೀಗ ಅಕ್ಕ, ಯಾರು ಬಂದರೂ ಮಗು ಹುಟ್ಟಿದೆ, ಒಳಗೆ ಬರಬೇಡಿ ಎಂದು ನೀನೇ ಹೇಳಬೇಕು ಎಂದಳು. ಒಂದೊಂದು ಸಲ ಹೇಳಿದಾಗಲೂ ಅಜ್ಜಿಯ ಮಡಿಲಿನಿಂದ ಒಂದು ಹುರಿದ ಕಡಲೆ. ಊರ ಮುಖ್ಯಸ್ಥನನ್ನೂ ಅವಳು ಬಾಗಿಲಿನಿಂದಲೇ ವಾಪಸು ಕಳಿಸಿದ್ದಳು. ತಮ್ಮನ ಮೇಲಿದ್ದ ಹೊಟ್ಟೆಕಿಚ್ಚು ಅದೆಲ್ಲಿ ಹೋಯಿತೋ, ಅವಳಿಗೇ ತಿಳಿದಿರಲಿಲ್ಲ.

"ನಿಂಗೂ ಯಾರೂ ಏನೂ ಹೇಳ್ಲಿಲ್ವಲ್ಲೋ ಕುಂಬಳಕಾಯಿ," ಎಂದಳು ಮೆಲ್ಲಗೆ. ನಾಯಿಯೊಂದಿಗೆ ಅವಳು ಗದರದೆ ಆಡಿದ ಮೊದಲ ಮಾತು ಅದು. ಕಾಲುಚೀಲವನ್ನು ಅದರ ಹತ್ತಿರವೇ ಬಿಟ್ಟು ಎದ್ದಳು.

ಅಂದೇ ಒಣಮೀನು ತಂದು, ನೀರಲ್ಲಿ ಎರಡೆರಡು ಸಲ ನೆನೆಸಿ ಉಪ್ಪು ತೆಗೆದು, ಬೇಯಿಸಿ, ಚಿಕ್ಕ ಚಿಕ್ಕ ಚೂರು ಮಾಡಿ ಡಬ್ಬಿಗೆ ತುಂಬಿದಳು. ಮಗು ಅತ್ತಾಗಲೆಲ್ಲ ಎಲ್ಲಿದ್ದರೂ ಓಡಿ ಬಂದು ಹೋಬಾಕನ ಮುಂದೆ ಒಂದು ಚೂರು ಇಡುವಳು. ಮೊದಲ ದಿನ ಅದು ಹಲಗೆಯ ಕೆಳಗಿನಿಂದ ಹೊರಬರಲಿಲ್ಲ. ಅವಳು ಚೂರನ್ನು ಅಲ್ಲೇ ಕೆಳಗೆ ತಳ್ಳಿ ಹೋದಳು. ನಾಲ್ಕನೇ ದಿನ ಮೂಗು ಹೊರಗೆ ಬಂತು. ಮಗುವನ್ನು ಸುತ್ತಿದ ಬಟ್ಟೆಯನ್ನು ಒಗೆಯುವ ಮೊದಲು ನಾಯಿಯ ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ಇಡುವುದೂ ಶುರುವಾಯಿತು. ಹಾಸಿಗೆಯನ್ನು ಶೂಗಳ ನಡುವಿನಿಂದ ತೆಗೆದು, ಕೋಣೆಯ ಬಾಗಿಲು ಕಾಣುವಂತೆ ಅಡುಗೆಮನೆಯ ಮೂಲೆಗೆ ಹಾಕಿದಳು. ಬೇಡ ಎನ್ನುವ ಬದಲು ಇಲ್ಲಿ ಬಾ ಎನ್ನಿ ಎಂದು ಅಳಿಯನಿಗೆ ತಾಕೀತು ಮಾಡಿದಳು. ಶೆಡ್ಡಿಗೆ ಹೊಸದಾಗಿ ಬಂದವರ ಮೇಲೆ ರೇಗಿದರೆ ಅವರು ಕೈ ಕೊಯ್ದುಕೊಳ್ಳುತ್ತಾರೆಯೇ ಹೊರತು ಕೆಲಸ ಕಲಿಯುವುದಿಲ್ಲ ಎಂಬುದು ಅವಳ ಅನುಭವ.

ಮಗಳನ್ನು ದಾರಿಗೆ ತರುವುದು ಇನ್ನೂ ಕಷ್ಟವಾಯಿತು. ತಿಂಗಳು ತುಂಬುವವರೆಗೆ ಬಾಣಂತಿಗೆ ಗಾಳಿ ತಾಗಕೂಡದು ಎಂದು ಕಿಟಕಿಗೂ ಪರದೆ ಎಳೆದಿದ್ದ ತಾಯಿ, ಅದು ತುಂಬಿದ ಮಾರನೆಯ ಬೆಳಿಗ್ಗೆಯೇ ನಾಯಿಯ ಹಗ್ಗವನ್ನೂ ಟೋಪಿಯನ್ನೂ ಅವಳ ಮಡಿಲಿಗೆ ಹಾಕಿದಳು.

"ಹೋಗು, ಅವನನ್ನ ಕರ್ಕೊಂಡು ಬಂದರಿನ ತನಕ ಹೋಗ್ಬಾ. ನೀವಿಬ್ರೇ."

"ಮಗು ಎದ್ರೆ ಏನಮ್ಮಾ?"

"ನಾನು ನಿನ್ನ ಸಾಕ್ದೋಳಲ್ವಾ? ಹೋಗು."

ಅರ್ಧ ಗಂಟೆ ಎಂದು ಹೋದವರು ಒಂದು ಗಂಟೆಗೆ ಬಂದರು. ಸೊರಿಮ್‌ಳ ಮೊಣಕಾಲೆಲ್ಲ ಒದ್ದೆ, ಕೂದಲು ಕೆದರಿತ್ತು. ಹೋಬಾಕ್ ಬಂದರಿನ ಕಟ್ಟೆಯ ಮೇಲೆ ಒಂದು ಕಡಲಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಸೋತದ್ದನ್ನು ಹೇಳುತ್ತ ಹೇಳುತ್ತ ಅವಳಿಗೆ ನಗು ತಡೆಯಲಿಲ್ಲ. ಹೆರಿಗೆಯಾದ ಮೇಲೆ ಮಗಳ ಬಾಯಿಂದ ಆ ನಗೆ ಕೇಳಿದ್ದು ಅದೇ ಮೊದಲು. ನಾಯಿಗೆ ಮಗಳು ಎಷ್ಟು ಬೇಕಾಗಿದ್ದಳೋ ಮಗಳಿಗೂ ನಾಯಿ ಅಷ್ಟೇ ಬೇಕಾಗಿತ್ತು ಎಂದು ಮಾಕ್ಸುನ್‌ಗೆ ಆಗ ಹೊಳೆಯಿತು. ಅವತ್ತು ಹೋಬಾಕ್ ತಟ್ಟೆಯನ್ನು ನೆಕ್ಕಿ, ನೆಲದ ಮೇಲೆ ಟಣಟಣ ತಳ್ಳಿಕೊಂಡು ಹೋಯಿತು. ಅಂದಿನಿಂದ ಬೆಳಗಿನ ಆ ಹೊತ್ತು ಅವರಿಬ್ಬರಿಗೇ ಮೀಸಲು.

ಆಗಸ್ಟ್ ಬರುವಷ್ಟರಲ್ಲಿ ಅಳು ಎಂದರೆ ಮೀನು ಎಂಬುದು ಹೋಬಾಕನಿಗೆ ಪೂರ್ತಿ ಮನದಟ್ಟಾಗಿತ್ತು. ಮಗು ಗೊಣಗಿದರೆ ಸಾಕು, ಎಲ್ಲಿದ್ದರೂ ಎದ್ದು ಬಂದು ಮಾಕ್ಸುನ್‌ಳ ಎದುರು ಕುಳಿತು ಮುಖ ನೋಡುತ್ತಿತ್ತು. ಒಂದು ಮಧ್ಯಾಹ್ನ ಸೊರಿಮ್ ಸ್ನಾನಕ್ಕೆ ಹೋಗಿದ್ದಳು. ಮಾಕ್ಸುನ್ ಒಲೆಯ ಮೇಲಿನ ಫ್ಯಾನ್ ಹಾಕಿಕೊಂಡು ಬಂಗುಡೆ ಹುರಿಯುತ್ತಿದ್ದಳು. ಮಂದಗಿವಿ, ಮೇಲೆ ಫ್ಯಾನಿನ ಗುಂಯ್ಗುಟ್ಟುವಿಕೆ. ನಾಯಿ ಬಂದು ಕುಳಿತಿತು. ಮೀನಿನ ಆಸೆ ಎಂದುಕೊಂಡು ಅವಳು ಬೆನ್ನು ತಿರುಗಿಸಿದಳು. ಅದು ಸುತ್ತಿ ಮುಂದೆ ಬಂತು. ಅವಳು ಮತ್ತೆ ತಿರುಗಿದಳು. ಆಗ ಹೋಬಾಕ್ ಅವಳ ಷರಾಯಿಯ ತುದಿಯನ್ನು ಹಲ್ಲಲ್ಲಿ ಹಿಡಿದು, ಬಲು ನಾಜೂಕಾಗಿ, ಕೋಣೆಯ ಕಡೆಗೆ ಎಳೆಯಿತು. ಹೋಗಿ ನೋಡಿದರೆ ಇಸುಲ್ ಕುಡಿದ ಹಾಲನ್ನೆಲ್ಲ ಕಕ್ಕಿ, ಕುತ್ತಿಗೆಯೆಲ್ಲ ಒದ್ದೆಯಾಗಿ, ಮುಖ ಕೆಂಪೇರಿ ಅಳುತ್ತಿದ್ದಳು. ನಾಯಿ ಬಾಗಿಲಲ್ಲೇ ನಿಂತಿತು. ಒಳಗೆ ಒಂದು ಹೆಜ್ಜೆ ಇಡಲಿಲ್ಲ.

ಒಲೆಯ ಮೇಲೆ ಬಂಗುಡೆ ಕರಕಲಾಯಿತು. ಮಗುವನ್ನು ಒರೆಸಿ ಬಟ್ಟೆ ಬದಲಿಸಿ ಎದೆಗೆ ಒರಗಿಸಿಕೊಂಡ ಮಾಕ್ಸುನ್, ಮೊದಲ ಬಾರಿಗೆ ನಾಯಿಯನ್ನು ಒಳಗೆ ಕರೆದಳು. ಅದು ಹತ್ತಿರ ಬಂದು, ಬಟ್ಟೆಯ ಹೊರಗಿದ್ದ ಪುಟ್ಟ ಹಿಮ್ಮಡಿಯನ್ನು ಮೂಸಿ, ನಿಟ್ಟುಸಿರು ಬಿಟ್ಟು ಮಾಕ್ಸುನ್‌ಳ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಸ್ನಾನ ಮುಗಿಸಿ ಬಂದ ಸೊರಿಮ್ ತಲೆಗೆ ಸುತ್ತಿದ ಟವೆಲಿನಲ್ಲೇ ಬಾಗಿಲಲ್ಲಿ ನಿಂತು ಅತ್ತುಬಿಟ್ಟಳು. ಈ ಸಲದ್ದು ಬೇರೆ ಅಳು.

ಆಗಸ್ಟ್ ಕೊನೆಯ ಭಾನುವಾರ ಚಿಕ್ಕಪ್ಪ ಬೊಂಗ್ಸು ಮಾತು ಕೊಟ್ಟಂತೆ ಬಂದೇ ಬಿಟ್ಟ. ಬೇಡ ಎಂದು ಫೋನ್ ಮಾಡಬೇಕು ಎಂದು ಮಿನ್‌ಗು ಅಂದುಕೊಂಡೇ ಅಂದುಕೊಂಡೇ ಮರೆತಿದ್ದ. ಬೊಂಗ್ಸುವಿನ ಒಂದು ಕೈಯಲ್ಲಿ ಹೊಸ ಹಗ್ಗ, ಇನ್ನೊಂದರಲ್ಲಿ ವರ್ಷದ ಮೊದಲ ಗೆಣಸಿನ ಚೀಲ. ಬಾಗಿಲು ತೆಗೆದ ಮಾಕ್ಸುನ್ ಹಗ್ಗ ನೋಡಿ ಗೆಣಸಿಗೆ ಮಾತ್ರ ಕೈ ಚಾಚಿದಳು.

"ಇದನ್ನ ಕೊಡಿ ಬೀಗರೇ. ಅದನ್ನ ನೀವೇ ಇಟ್ಕೊಳ್ಳಿ."

"ಸಾಗಹಾಕಿ ಅಂದೋರು ನೀವೇ ಅಲ್ವಾ ಬೀಗಿತ್ತಿ?"

"ಅಂದಿದ್ದೆ. ಬುದ್ಧಿ ಇರ್ಲಿಲ್ಲ. ಈಗ ಊಟಕ್ಕೆ ಬನ್ನಿ."

ಊಟಕ್ಕೆ ಕುಳಿತಾಗ ಬೊಂಗ್ಸು ಗಟ್ಟಿ ದನಿಯಲ್ಲಿ ದ್ವೀಪದ ಸುದ್ದಿಯೆಲ್ಲ ಬಿಚ್ಚಿದ. ಅರ್ಧ ಊಟಕ್ಕೆ ಹೋಬಾಕ್ ಎದ್ದು ಬಂದು ಮಾಕ್ಸುನ್‌ಳ ಪಕ್ಕ ಕುಳಿತಿತು. ಅವಳು ಚಾಪ್‌ಸ್ಟಿಕ್ ಕೆಳಗಿಟ್ಟು, ಮಗು ಎದ್ದಿದೆ ಎಂದು ಕೋಣೆಗೆ ನಡೆದಳು. ಬೊಂಗ್ಸು ಕಿವಿಗೊಟ್ಟ, ಅವನಿಗೆ ಏನೂ ಕೇಳಲಿಲ್ಲ. ಆದರೆ ಅವಳು ಬಾಗಿಲು ತೆರೆದಾಗ ಒಳಗಿಂದ ಸಣ್ಣ ಗೊಣಗಾಟ ಬಂತು. ಮುದುಕ ಹಗ್ಗವನ್ನು ಮಡಚಿ ಜೇಬಿಗೆ ತುರುಕಿಕೊಂಡ.

"ಇವನಿಗಾಗ್ಲೇ ನೌಕರಿ ಸಿಕ್ಕಿದೆ ಬಿಡಿ," ಎಂದ. "ನನ್ನ ಗೆಣಸು ಕಾಯೋಕೆ ಬೇರೆ ಯಾರ್ನಾದ್ರೂ ನೋಡ್ತೀನಿ."

ಮಗುವಿನ ನೂರನೇ ದಿನದ ಹಬ್ಬ ಬಿದ್ದದ್ದು ಅಕ್ಟೋಬರ್ ಮೊದಲ ವಾರ. ಮಾಕ್ಸುನ್ ಬೆಳಿಗ್ಗೆಯೇ ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿ ಬೆಳ್ಳನೆಯ ಕಡುಬು ಮಾಡಿದಳು. ಅದನ್ನು ಎಷ್ಟು ಮನೆಗೆ ಹಂಚಿದರೆ ಮಗುವಿಗೆ ಅಷ್ಟು ಆಯುಸ್ಸು. ಓಣಿಯ ಮೇಲಿಂದ ಕೆಳಗಿನವರೆಗೂ ಅವಳು ಬುಟ್ಟಿ ಹಿಡಿದು ಹೋದಳು, ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡ ಹೋಬಾಕ್ ಮುಂದೆ ಮುಂದೆ. ಪ್ರತಿ ಬಾಗಿಲಲ್ಲೂ ಅದು ಕುಳಿತು ಕಾಯುತ್ತಿತ್ತು. ಇದ್ಯಾವಾಗಿಂದ ನಿನಗೆ ನಾಯಿ ಹುಚ್ಚು ಎಂದು ಇಸ್ತ್ರಿ ಅಂಗಡಿಯ ಮುದುಕಿ ಕೆಣಕಿದಳು. ನಾಯಿಯಲ್ಲ, ಮೊಮ್ಮಗಳ ಅಣ್ಣ ಎಂದು ಮಾಕ್ಸುನ್ ಮುಖ ಬಿಗಿದುಕೊಂಡೇ ಹೇಳಿದಳು.

ಮನೆಗೆ ಬಂದಾಗ ಮಗುವನ್ನು ಹಣ್ಣು, ಕಡುಬುಗಳ ಹಿಂದೆ ದಿಂಬಿಗೆ ಒರಗಿಸಿ ಕೂರಿಸಿ ಮಿನ್‌ಗು ಫೋಟೋ ತೆಗೆಯಲು ಒದ್ದಾಡುತ್ತಿದ್ದ. ನಗಿಸಲು ಗಿಲಕಿ ಅಲ್ಲಾಡಿಸಿದ, ಕೋಳಿಯಂತೆ ಕೂಗಿದ. ಇಸುಲ್ ನ್ಯಾಯಾಧೀಶೆಯಂತೆ ಗಂಭೀರವಾಗಿ ಅವನನ್ನೇ ನೋಡಿದಳು. ಹೋಬಾಕ್ ಪಕ್ಕ ಬಂದು ಕುಳಿತು ಕಡುಬಿನ ಹಿಟ್ಟು ಮೂಗಿಗೆ ಹೋಗಿ ಜೋರಾಗಿ ಸೀನಿತು. ಮಗು ಬೆಚ್ಚಿತು, ತಿರುಗಿ ನೋಡಿತು, ಆಮೇಲೆ ಗಂಟಲಿನಿಂದ ಕಿಲಕಿಲ ನಕ್ಕಿತು. ಮೊಟ್ಟಮೊದಲ ಸಲ ದನಿ ತೆಗೆದು ನಕ್ಕ ನಗೆ ಅದು. ನಾಯಿ ಇನ್ನೊಮ್ಮೆ ಸೀನಿತು. ಮತ್ತೆ ನಗು. ಮಿನ್‌ಗು ಫೋಟೋ ತೆಗೆಯುವುದನ್ನೇ ಮರೆತು ನೆಲದ ಮೇಲೆ ಉರುಳಿ ನಗುತ್ತಿದ್ದ.

ಮರುದಿನ ಶೆಡ್ಡಿನ ಬೀಗ ತೆಗೆದರು. ಮಾಕ್ಸುನ್ ಸೇತುವೆ ದಾಟಿ ತನ್ನ ಮನೆಗೆ, ತನ್ನ ಕತ್ತಿಗೆ ಮರಳಿದಳು. ಈಗ ಭಾನುವಾರ ಮಾತ್ರ ಬರುತ್ತಾಳೆ. ಮೂರನೇ ಮಹಡಿಯ ಮೆಟ್ಟಿಲಲ್ಲಿ ಹೋಬಾಕ್ ಕಾದಿರುತ್ತದೆ, ಅವಳ ಚೀಲದೊಳಗಿನ ಒಣಮೀನನ್ನು ಮೂಸುವುದೂ ಇಲ್ಲ. ಅಂಗಿಯ ತೋಳಿನ ತುದಿ ಹಿಡಿದು ಸೀದಾ ಮಗುವಿನ ಕೋಣೆಗೆ ಎಳೆಯುತ್ತದೆ.

"ಬಂದೆ ಕಣೋ, ಬಂದೆ," ಎನ್ನುತ್ತ ಮಾಕ್ಸುನ್ ಒಂದು ಕಾಲಿನ ಶೂ ಕಳಚಿ, ಇನ್ನೊಂದನ್ನು ಹಾಕಿಕೊಂಡೇ ಅದರ ಹಿಂದೆ ನಡೆಯುತ್ತಾಳೆ.