‘ನಾನಿನ್ನು ಬರ್ತೀನಿ’ ಅಂದರೆ ಏನು

ಆ ಧಾರಾವಾಹಿಯಲ್ಲಿ ಬೇರೆ ಗ್ರಹದಿಂದ ಬಂದ ನಾಲ್ವರು, ಮನುಷ್ಯರ ವೇಷ ಹಾಕಿಕೊಂಡು ಬಾಡಿಗೆ ಮನೆಯೊಂದರ ಮಹಡಿಯಲ್ಲಿ ಸಂಸಾರ ಹೂಡಿದ್ದರು. ಅವರ ಸಂಸಾರಕ್ಕೆ ಬೇಕಾದ ಲೋಟ, ಚಾಪೆ, ಗಡಿಯಾರ, ಪೊರಕೆ ಎಲ್ಲವನ್ನೂ ಹೊಂದಿಸಿ ಕೊಡುವವನು ಅಂಟಣ್ಣ. ಅಪ್ಪ ಅಮ್ಮ ಇಟ್ಟ ಹೆಸರಲ್ಲ ಅದು. ಸೆಟ್ಟಿನಲ್ಲಿ ಏನೇ ಮುರಿದರೂ ಅವನ ಜೇಬಿನಿಂದ ಅಂಟಿನ ಟ್ಯೂಬು ಹೊರಬರುತ್ತಿತ್ತು. ಕರೆದು ಕರೆದು ಅದೇ ಖಾಯಂ ಆಗಿ, ಹಾಜರಿ ಪುಸ್ತಕದಲ್ಲೂ ಯಾರೋ ಹಾಗೇ ಬರೆದಿದ್ದರು.

ಧಾರಾವಾಹಿಯ ಜೀವವೆಲ್ಲ ಮಾತಿನಲ್ಲಿತ್ತು. ಆ ನಾಲ್ವರು ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರು. ಯಾರು ಏನಂದರೂ ಅಂದ ಹಾಗೇ ನಂಬುತ್ತಿದ್ದರು. ಯಾರಾದರೂ ‘ತಲೆ ತಿನ್ನಬೇಡ’ ಎಂದರೆ ಅಪ್ಪನ ಪಾತ್ರದವನು ತಾನು ಬರೀ ಸೊಪ್ಪು ತರಕಾರಿ ತಿನ್ನುವವನೆಂದು ಆಣೆ ಮಾಡುತ್ತಿದ್ದ. ನೆರೆಮನೆಯಾಕೆ ‘ನಿಮ್ಮ ಹೊಸ ಪರದೆ ನೋಡಿ ಹೊಟ್ಟೆ ಉರೀತಿದೆ’ ಎಂದಾಗ ಅಮ್ಮನ ಪಾತ್ರದವಳು ಓಡಿ ಬಂದು ಒಂದು ಬಕೆಟ್ ನೀರು ಸುರಿದಿದ್ದಳು. ಪಾಪ, ನೆನೆಯುವವಳಿಗೆ ನೆಗಡಿಯಾಗದಿರಲಿ ಎಂದು ಅಂಟಣ್ಣ ಆ ನೀರನ್ನು ಪ್ರತಿ ಟೇಕಿಗೂ ಬೆಚ್ಚಗೆ ಮಾಡಿ ಇಟ್ಟಿದ್ದ. ಇಂಥ ದೃಶ್ಯಗಳಿಗೆ ಎಲ್ಲರಿಗಿಂತ ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನೂ ಅವನೇ.

ಆ ಗುರುವಾರ ಮಾತ್ರ ನಗಲಿಲ್ಲ.

ಬೆಳಿಗ್ಗೆ ಎಲ್ಲರೂ ಸುತ್ತ ಕೂತು ಹೊಸ ಕಂತನ್ನು ಓದುತ್ತಿದ್ದರು. ನೆರೆಮನೆಯಾಕೆ ಹರಟೆ ಮುಗಿಸಿ ‘ನಾನಿನ್ನು ಬರ್ತೀನಿ’ ಎಂದು ಹೊರಟು ಹೋಗುತ್ತಾಳೆ. ಬರ್ತೀನಿ ಅಂದವಳು ಬರಬೇಕಲ್ಲ ಎಂದು ಅಪ್ಪನ ಪಾತ್ರದವನು ಬಾಗಿಲು ತೆರೆದಿಟ್ಟು ಸಂಜೆಯವರೆಗೂ ಕಾಯುತ್ತಾನೆ. ಕೋಣೆಯೆಲ್ಲ ಗೊಳ್ಳೆಂದಿತು.

“ಅಣ್ಣಾ, ಬಾಗಿಲ ಹತ್ರ ಅವನಿಗೊಂದು ಕುರ್ಚಿ ಬೇಕು,” ಎಂದಳು ನಿರ್ದೇಶಕಿ.

“ಕೊಡ್ತೀನಿ. ಆದ್ರೆ ಇದ್ರಲ್ಲಿ ನಗೋದೇನಿದೆ ಮೇಡಂ? ಬರ್ತೀನಿ ಅಂದ್ರು, ಕಾಯ್ತಿದಾನೆ.”

“ಅಯ್ಯೋ, ಅದು ಹೊರಡೋವಾಗ ಹೇಳೋ ಮಾತಲ್ವಾ?”

“ಹೊರಡೋವಾಗ ಹೇಳಿದ್ರೆ ಬರಲ್ಲ ಅಂತಾನಾ?”

ಅಪ್ಪನ ಪಾತ್ರದವನು ಹಳೇ ಗೆಳೆಯ. ಅವನು ಅಂಟಣ್ಣನ ಹಣೆ ಮುಟ್ಟಿ ನೋಡಿದ. “ನಿಜ ಹೇಳು, ನೀನು ಯಾವ ಗ್ರಹದೋನು?”

ಮತ್ತೆ ನಗು. ಅಂಟಣ್ಣ ಕುರ್ಚಿ ತರುವ ನೆಪದಲ್ಲಿ ಎದ್ದು ಹೋದ.

ಅವನ ಹೆಂಡತಿ ಅಕ್ಕನ ಮನೆಗೆ ಹೋಗಿ ಅಂದಿಗೆ ಇಪ್ಪತ್ತೆರಡು ದಿನ. ಜಗಳವಿಲ್ಲ, ಮುನಿಸಿಲ್ಲ. ಚೀಲ ಹಿಡಿದು ಬಾಗಿಲಲ್ಲಿ ನಿಂತು ‘ನಾನಿನ್ನು ಬರ್ತೀನಿ’ ಎಂದಿದ್ದಳು. ಎರಡು ದಿನಕ್ಕೊಮ್ಮೆ ಫೋನು ಮಾಡಿ, ‘ಗಿಡಕ್ಕೆ ನೀರು ಹಾಕಿದ್ರಾ’ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಯಾವಾಗ ಬರುತ್ತಾಳೆಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದವಳು ವಾಪಸ್ಸು ಬರುತ್ತಾಳೋ ಇಲ್ಲವೋ ಅನ್ನುವುದೇ ಅವನಿಗೆ ಬಗೆಹರಿಯದೆ ಉಳಿದಿತ್ತು. ಅವನ ತಲೆ ಕೆಡಿಸಿದ್ದು ಆ ‘ಇನ್ನು’. ಮನೆಯವರು ‘ಹೋಗಿ ಬರ್ತೀನಿ’ ಅನ್ನುತ್ತಾರೆ. ‘ನಾನಿನ್ನು ಬರ್ತೀನಿ’ ಅನ್ನುವವರು ನೆಂಟರು. ಇವಳು ಯಾವಾಗಿನಿಂದ ನೆಂಟಳಾದಳು? ಅಥವಾ ಬಾಯಿಗೆ ಬಂದದ್ದನ್ನು ಅಂದಳೋ? ಒಂದು ಸಲ ಹಾಗನ್ನಿಸಿದರೆ, ಮರುಗಳಿಗೆ ಹೀಗನ್ನಿಸುತ್ತಿತ್ತು.

ಊಟದ ಬಿಡುವಿನಲ್ಲಿ, ಇಟ್ಟಿಗೆಯ ಬಣ್ಣ ಬಳಿದ ಹಲಗೆ ಗೋಡೆಯ ಹಿಂದೆ ನಿಂತು ತಾನೇ ಫೋನು ಮಾಡಿದ.

“ಏನು, ಗಿಡ ಒಣಗೋಯ್ತಾ?” ಎಂದಳು.

“ಇಲ್ಲ. ಅವತ್ತು ನಾನಿನ್ನು ಬರ್ತೀನಿ ಅಂದ್ಯಲ್ಲ, ಅದು ಬರೋ ಬರ್ತೀನೀನಾ, ಹೋಗೋ ಬರ್ತೀನೀನಾ?”



“ಇದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ?”

“ಗೊತ್ತಾಗ್ಲಿಲ್ಲ ಕಣೇ.”

“ನಂಗೂ ಗೊತ್ತಿರ್ಲಿಲ್ಲ. ನೀವೇನಂತೀರೋ ನೋಡೋಣ ಅಂತ ನಿಂತೆ. ಗುರುತು ಪರಿಚಯ ಇಲ್ದೋರು ಬಂದು ಹೊರಟ್ರೂ ಬಾಗಿಲ ತನಕ ಹೋಗಿ ‘ಬನ್ನಿ, ಬರ್ತಾ ಇರಿ’ ಅಂತೀರಿ. ನಂಗೇನಂದ್ರಿ?”

ಅಂಟಣ್ಣ ನೆನಪಿಸಿಕೊಂಡ. ಧಾರಾವಾಹಿಯ ಮಹಡಿ ಮನೆಯವರ ಸಕ್ಕರೆ ಡಬ್ಬಿಯ ಮುಚ್ಚಳ ಒಡೆದಿತ್ತು. ಎರಡು ಚೂರನ್ನೂ ಸೇರಿಸಿ ಒತ್ತಿ ಹಿಡಿದು ಕೂತಿದ್ದ.

“ಹೂಂ ಅಂದೆ.”

“ತಲೆ ಎತ್ತಿದ್ರಾ?”

“ಕೈಯಲ್ಲಿ ಅಂಟಿತ್ತು.”

“ಬಾಯಲ್ಲೂ ಇತ್ತೇನೋ.”

ನಗಬೇಕೋ ಬೈಸಿಕೊಳ್ಳಬೇಕೋ ತಿಳಿಯದೆ ಅವನು ಹಲಗೆಯ ಇಟ್ಟಿಗೆಗಳನ್ನು ಉಗುರಿನಿಂದ ಕೆರೆದ. ಆಮೇಲೆ, “ಬಾ,” ಎಂದ. ಸಾಲದೇನೋ ಅನ್ನಿಸಿ, “ಬಂದ್ಬಿಡೇ. ಇವತ್ತೇ ಬಾ,” ಎಂದ.

“ಇವತ್ತಾಗಲ್ಲ. ಅಕ್ಕನಿಗೆ ಶನಿವಾರ ಕಣ್ಣಿನ ಆಪರೇಷನ್. ಅದಾಗ್ಲಿ, ನೋಡೋಣ.”

ಹಿಂದಿನ ಅಂಟಣ್ಣನಾಗಿದ್ದರೆ ‘ಆಯ್ತು’ ಎಂದು ಇಟ್ಟು, ಇನ್ನೊಂದು ತಿಂಗಳು ಆ ‘ನೋಡೋಣ’ವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದನೇನೋ.

“ನೋಡೋಣ ಅಂದ್ರೆ? ಸರಿಯಾಗಿ ಹೇಳು. ನಂಗೆ ಅರ್ಥ ಆಗಲ್ಲ.”

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಬಂತು, ನಗುವೋ ನಿಟ್ಟುಸಿರೋ.

“ಭಾನುವಾರ. ಹನ್ನೊಂದು ಗಂಟೆ ಬಸ್ಸು.”

“ಬೆಳಿಗ್ಗೆ ಹನ್ನೊಂದಾ?” ಎಂದು ಅಂಟಣ್ಣ ಅದನ್ನೂ ಕೇಳಿಯೇಬಿಟ್ಟ.