ರಾಯರ ಕಿವಿ ಮತ್ತು ಒಂದು ‘ಹೈ’

ಶೇಷಗಿರಿ ರಾಯರ ಬಾಯಲ್ಲಿ ‘ಖಂಡಿತ’ ಎಂಬ ಮಾತು ಬರುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಸಾಕೇ ಎಂದು ಹೆಂಡತಿ ಕೇಳಿದರೆ, ಒಂದು ಗುಟುಕು ಕುಡಿದು ಯೋಚಿಸಿ, “ಸಾಕಿರಬಹುದು” ಎನ್ನುತ್ತಿದ್ದರು. “ನನ್ನ ನೋಡೋಕೆ ಬಂದಾಗ್ಲೂ ಹೀಗೇ, ‘ಒಪ್ಪಿಗೆ ಇರಬಹುದು’ ಅಂದಿದ್ರು” ಎಂದು ಆಕೆ ನಮ್ಮೆದುರಿಗೇ ಛೇಡಿಸುತ್ತಿದ್ದರು.

ಅಪರಾಧ ಪ್ರಕರಣಗಳ ಪ್ರಯೋಗಾಲಯವೊಂದರಲ್ಲಿ ಧ್ವನಿ ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ದಿಲ್ಲಿಯ ಆರ್.ಕೆ.ಪುರಂನಲ್ಲಿ, ಮಗಳ ಸರ್ಕಾರಿ ಕ್ವಾರ್ಟರ್ಸಿನ ಒಂದು ಮೂಲೆಯಲ್ಲಿ, ಹಳೆಯ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದರು. ಗುರ್‌ಗಾಂವ್‌ನ ಒಂದೇ ಫ್ಲ್ಯಾಟಿನಲ್ಲಿದ್ದ ನಾನೂ ಬಸವರಾಜನೂ ಭಾನುವಾರ ಅಲ್ಲಿಗೆ ಹೋಗುತ್ತಿದ್ದುದು ಸಾರನ್ನದ ಆಸೆಗೆ. ಊಟಕ್ಕೆ ಮೊದಲು ಪಾಠ ಮಾತ್ರ ತಪ್ಪುತ್ತಿರಲಿಲ್ಲ.

“ಗಂಟಲು ಕೊಡೋದು ಬರೀ ಗುಂಯ್ ಅನ್ನೋ ಸದ್ದು ಕಣಯ್ಯಾ. ಅದನ್ನ ಆ, ಈ, ಊ ಮಾಡೋದು ಬಾಯಿ. ಬಕೆಟ್ಟು ತುಂಬ್ತಾ ಬಂದ ಹಾಗೆ ನೀರಿನ ಸದ್ದು ಬದಲಾಗಲ್ವೇ? ಇದೂ ಹಾಗೇ. ನಾಲಿಗೆ ಸರಿದ್ರೆ ಬಾಯೊಳಗಿನ ಜಾಗ ಬೇರೆ, ಸ್ವರ ಬೇರೆ.”

ಒಮ್ಮೆ ಬಸವರಾಜನಿಂದ ಹಿಂದಿಯ ‘ಹೈ’ ಹೇಳಿಸಿ, ಆ ಸದ್ದಿನ ಚಿತ್ರವಾಗಿ ಪರದೆಯ ಮೇಲೆ ಮೂಡಿದ ಕಪ್ಪು ಪಟ್ಟೆಗಳನ್ನು ತೋರಿಸಿದರು. ಪಟ್ಟೆ ಬಾಗಿತ್ತು. ನಮ್ಮ ಕನ್ನಡಿಗರ ನಾಲಿಗೆ ‘ಅ’ದಿಂದ ‘ಇ’ಗೆ ಜಾರುತ್ತದೆ, ದಿಲ್ಲಿಯವರದು ಜಾರದೆ ಒಂದೇ ಕಡೆ ನಿಲ್ಲುತ್ತದೆ, ಪಟ್ಟೆ ನೆಟ್ಟಗಿರುತ್ತದೆ. “ಇಷ್ಟು ವರ್ಷ ಇಲ್ಲಿದ್ರೂ ನನ್ನದು ಇನ್ನೂ ಜಾರುತ್ತೆ. ಬಾಯಿ ತೆಗೆದ್ರೆ ಸಾಕು, ತರಕಾರಿ ಭಯ್ಯಾ ಮದ್ರಾಸಿ ಅಂತಾನೆ” ಎಂದು ನಕ್ಕರು.

ಆ ಚಳಿಗಾಲದಲ್ಲಿ ಬಸವರಾಜನ ಫೋನು ಬಸ್ಸಿನಲ್ಲಿ ಕಳೆದುಹೋಯಿತು. ಹೋದರೆ ಹೋಯಿತು ಎಂದು ಅವನು ದೂರು ಕೊಡಲಿಲ್ಲ. ವ್ಯಾಪಾರಿಯೊಬ್ಬನನ್ನು ಅಪಹರಿಸಿದವರು ಅದೇ ನಂಬರಿನಿಂದ ಆ ವ್ಯಾಪಾರಿಯ ಮನೆಗೆ ಕರೆ ಮಾಡಿ ಹಣ ಕೇಳಿದರು. ವ್ಯಾಪಾರಿ ಹೆಣವಾಗಿ ಸಿಕ್ಕ. ಪೊಲೀಸರು ಬಸವರಾಜನನ್ನು ಎಳೆದೊಯ್ದರು.

ಬಸವರಾಜನ ವಕೀಲರು ತಂದ ಆ ಕರೆಯ ಧ್ವನಿಮುದ್ರಣದಲ್ಲಿ “ಪೈಸಾ ತಯ್ಯಾರ್ ಹೈ?” ಎಂಬ ಮಾತಿತ್ತು. ರಾಯರು ಊಟ ಬಿಟ್ಟು ಅದನ್ನೇ ಕೇಳಿದರು. ‘ಪೈ’ಯೂ ನೆಟ್ಟಗಿತ್ತು, ‘ಹೈ’ಯೂ ನೆಟ್ಟಗಿತ್ತು. “ನಮ್ಮವನಲ್ಲ ಅನ್ಸುತ್ತೆ” ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಜಾಮೀನಿನ ವಿಚಾರಣೆಯಲ್ಲಿ ರಾಯರೇ ಸಾಕ್ಷಿ ಹೇಳಬೇಕಿತ್ತು. ಹಿಂದಿನ ದಿನ ಅವರ ಕೈ ಹಿಡಿದುಕೊಂಡೆ. “ಸರ್, ನಾಳೆ ಒಂದು ಸಲ ಖಂಡಿತ ಅಂದುಬಿಡಿ.”

“ನಾಲಿಗೆ ಕಲಿಯುತ್ತೆ ಕಣಯ್ಯಾ. ಕಲಿಯಲ್ಲ ಅಂತ ಹೇಗೆ ಹೇಳ್ಲಿ?” ಎಂದರು.

ಮರುದಿನ ಸರ್ಕಾರಿ ವಕೀಲ ಕೇಳಿದ್ದೂ ಅದನ್ನೇ: ಆರೋಪಿ ಇಲ್ಲಿಯವರಂತೆ ಮಾತಾಡಲು ಕಲಿತಿರಬಾರದೇ? ರಾಯರು ಕಟಕಟೆಯ ಮರ ಸವರಿದರು. ಕಲಿತಿರುವ ಸಂಭವ ಕಡಿಮೆ, ಆದರೆ ಖಂಡಿತ ಎನ್ನಲಾರೆ ಎಂದರು. ಜಾಮೀನು ಸಿಗಲಿಲ್ಲ. ಬೇಸಿಗೆಯಲ್ಲಿ ಬಸವರಾಜನಿಗೆ ಜೈಲಿನಲ್ಲೇ ಕಾಮಾಲೆಯಾಯಿತು. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ತೀರಿಕೊಂಡ. ಮಳೆಗಾಲದ ಹೊತ್ತಿಗೆ ಘಾಜಿಯಾಬಾದಿನಲ್ಲಿ ನಿಜವಾದ ಅಪರಾಧಿಗಳು ಸಿಕ್ಕಿಬಿದ್ದರು.

ನನಗೆ ರಾಯರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಒಂದು ಮಾತು, ಒಂದೇ ಒಂದು ಮಾತು ಎಂದು ಹಲ್ಲು ಕಡಿಯುತ್ತಿದ್ದೆ. ಆದರೂ ಹೋಗುವುದನ್ನು ಬಿಡಲಾಗಲಿಲ್ಲ. ಆ ಮನೆಯಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆ ಬಿದ್ದಿತ್ತು. ಸಕ್ಕರೆ ಸಾಕೇ ಎಂದು ಆಕೆ ಕೇಳುವುದನ್ನು ಬಿಟ್ಟಿದ್ದರು.

ಕೆಲವು ವರ್ಷಗಳ ಬಳಿಕ, ರಾಯರು ಹಾಸಿಗೆ ಹಿಡಿದಿದ್ದಾಗ, ಒಂದು ಭಾನುವಾರ ಅವರ ಕಿಟಕಿಯ ಕೆಳಗೆ ಆಟೋದವನೊಡನೆ ಜಗಳವಾಡಿ, “ಚಲೋ, ಠೀಕ್ ಹೈ ಭಯ್ಯಾ” ಎಂದು ಮುಗಿಸಿ ಒಳಗೆ ಹೋದೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

“ನಿನ್ನ ‘ಹೈ’ ನೆಟ್ಟಗಾಗಿದೆಯಲ್ಲೋ.”

“ಇರಬಹುದು ಸರ್.”

“ಇರಬಹುದು ಅಲ್ಲ, ಖಂಡಿತ” ಎಂದರು ರಾಯರು. “ಇನ್ನು ನಿನ್ನನ್ನ ಹಿಡ್ಕೊಂಡು ಹೋದ್ರೆ ನಾನು ಏನಂತ ಹೇಳ್ಲಿ?”

ಕೋರ್ಟಿನಲ್ಲಿ ನಾನು ಕಾದಿದ್ದ ಮಾತು ಆ ‘ಖಂಡಿತ’. ಮುಂದಿನ ಭಾನುವಾರಕ್ಕೆ ರಾಯರು ಇರಲಿಲ್ಲ.